ಕೋವಿಯ ಕುಸುರಿಗೆ ಮನಸೋತ ದೊರೆ

ಬೆಂಗಳೂರಿನ ಕೈಗಾರಿಕಾ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆಯಿಂದ ಆರಂಭಿಸಿ, ಪೀಣ್ಯದ ಶೆಡ್ಡುಗಳನ್ನು ಹಾದು, ತೊಂಬತ್ತರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ನೆಲದಲ್ಲಿ ಎದ್ದ ಐಟಿಪಿಎಲ್‌ನ ಗಾಜಿನ ಕಟ್ಟಡಗಳಿಗೆ ಬಂದು ನಿಲ್ಲುತ್ತಾರೆ. ಈ ಕ್ರಮದಲ್ಲಿ ಒಂದು ಅಧ್ಯಾಯ ಬಿಟ್ಟುಹೋಗಿದೆ. 1791ರ ಮಾರ್ಚ್ ಮೊದಲ ವಾರದಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಕೋಲಾರ, ಹೊಸಕೋಟೆಗಳನ್ನು ವಶಪಡಿಸಿಕೊಂಡು ಇದೇ ಪೂರ್ವ ದಿಕ್ಕಿನಿಂದ ಬೆಂಗಳೂರಿನ ಮೇಲೆ ಬಂದಿತು. ಅದೇ ತಿಂಗಳ 21ರ ರಾತ್ರಿ ಕೋಟೆ ಬಿದ್ದಾಗ ಒಳಹೊಕ್ಕ ಇಂಗ್ಲಿಷರಿಗೆ ಅಲ್ಲಿ ಕಂಡದ್ದು ಅರಮನೆ ಮಾತ್ರವಲ್ಲ. ಹಿತ್ತಾಳೆಯ ಫಿರಂಗಿಗಳನ್ನು ಎರಕ ಹೊಯ್ಯುವ ಕುಲುಮೆ, ಅವುಗಳ ನಳಿಗೆಯನ್ನು ಕೊರೆಯುವ ಯಂತ್ರ, ಮದ್ದುಗುಂಡಿನ ಉಗ್ರಾಣಗಳೂ ಅಲ್ಲಿದ್ದವು. ಇವೆಲ್ಲದರ ಒಡೆಯ ಟಿಪ್ಪು ಸುಲ್ತಾನ.

ಟಿಪ್ಪುವಿನ ಕುರಿತು ನಮ್ಮಲ್ಲಿ ಈಚಿನ ವರ್ಷಗಳಲ್ಲಿ ನಡೆದಿರುವ ವಾಗ್ವಾದ ಬಹುಮಟ್ಟಿಗೆ ಆತ ಒಳ್ಳೆಯವನೋ ಕೆಟ್ಟವನೋ ಎಂಬುದನ್ನೇ ಸುತ್ತುತ್ತದೆ. 2015ರಲ್ಲಿ ಸರ್ಕಾರಿ ಜಯಂತಿಯಾಗಿ ಆರಂಭವಾಗಿ 2019ರಲ್ಲಿ ನಿಂತುಹೋದ ಆಚರಣೆಯ ಸುತ್ತ ಎದ್ದ ಧೂಳು ಇನ್ನೂ ಪೂರ್ತಿ ಅಡಗಿಲ್ಲ. ಆ ಚರ್ಚೆಯನ್ನು ಇಲ್ಲಿ ಬೆಳೆಸುವ ಉದ್ದೇಶವಿಲ್ಲ. ಆತನ ಬದುಕನ್ನು ಒಂದು ಆಸಕ್ತಿಯ ಎಳೆ ಹಿಡಿದು ನೋಡಿದರೆ ರಾಜಕೀಯ ಚರಿತ್ರೆ ತೋರದ ಕೆಲವು ಸಂಗತಿಗಳು ಕಾಣುತ್ತವೆ. ಆ ಆಸಕ್ತಿ ಮದ್ದಿನ ಕೋವಿಯದು: ಅದರ ಚಾಪನ್ನು ಹದಗೊಳಿಸುವುದು, ಮೈಯನ್ನು ಸಿಂಗರಿಸುವುದು, ಹೊಸ ಬಗೆಗಳನ್ನು ಮಾಡಿಸಿ ನೋಡುವುದು. ಸೇನಾಪತಿಯ ಅಗತ್ಯ ಎಲ್ಲಿ ಮುಗಿಯುತ್ತದೆ, ಹವ್ಯಾಸಿಯ ವ್ಯಾಮೋಹ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಆತನ ವಿಷಯದಲ್ಲಿ ಕಷ್ಟ.

1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ ಟಿಪ್ಪು ಜನಿಸಿದಾಗ ತಂದೆ ಹೈದರ್ ಅಲಿ ಮೈಸೂರು ಒಡೆಯರ ಸೇನೆಯಲ್ಲಿ ಮೇಲೇರುತ್ತಿದ್ದ ಅಧಿಕಾರಿ. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯೂರೋಪಿಯನ್ನರ ಬಲವಿರುವುದು ಶಿಸ್ತಿನ ಕಾಲಾಳು ಮತ್ತು ಬಂದೂಕಿನಲ್ಲಿ ಎಂಬುದನ್ನು ಆತ ದಕ್ಷಿಣದ ಉಳಿದ ದೊರೆಗಳಿಗಿಂತ ಬೇಗ ಗ್ರಹಿಸಿದ. 1755ರ ಸುಮಾರಿಗೆ ದಿಂಡಿಗಲ್ಲಿನ ಫೌಜುದಾರನಾದಾಗ ಫ್ರೆಂಚ್ ಕುಶಲಿಗಳನ್ನು ಕರೆಸಿ ಅಲ್ಲೊಂದು ಆಯುಧಾಗಾರವನ್ನು ಕಟ್ಟಿಸಿದ. ಟಿಪ್ಪು ಬೆಳೆದದ್ದು ಈ ವಾತಾವರಣದಲ್ಲಿ. ಅಕ್ಷರ ಬಾರದ ತಂದೆ ಮಗನಿಗೆ ಅರಬ್ಬಿ, ಪಾರಸಿ ಹೇಳಿಕೊಡಲು ಮೌಲ್ವಿಗಳನ್ನೂ ಯುದ್ಧವಿದ್ಯೆಗೆ ಗಾಜಿಖಾನನನ್ನೂ ನೇಮಿಸಿದ. 1767ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಟಿಪ್ಪು ಮೊದಲ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕುದುರೆ ದಳವನ್ನು ಮುನ್ನಡೆಸಿ ಮದರಾಸಿನ ಹೊರವಲಯದವರೆಗೂ ಹೋಗಿಬಂದ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾದದ್ದರಲ್ಲಿ ಆತನ ಪಾಲು ದೊಡ್ಡದು. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡಾಗ ಅಧಿಕಾರ ಮಗನ ಕೈಗೆ ಬಂತು. 1784ರ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಯುದ್ಧವೂ ಮುಗಿಯಿತು. ಮುಂದಿನ ಆರೇಳು ವರ್ಷಗಳಲ್ಲಿ ಕಾರ್ಖಾನೆಗಳನ್ನು ಬೆಳೆಸಲು ಆತನಿಗೆ ಅವಕಾಶ ದೊರೆಯಿತು.

ಆ ಕಾಲದ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಬತ್ತಿ ಕೋವಿ. ಉರಿಯುವ ಹಗ್ಗದ ತುದಿಯನ್ನು ರಂಜಕದ ಬಟ್ಟಲಿಗೆ ತಾಗಿಸಿ ಹಾರಿಸುವ ಸರಳ ಸಾಧನವದು. ಮಳೆ ಬಂದರೆ ಬತ್ತಿ ಆರುತ್ತದೆ, ಕತ್ತಲಲ್ಲಿ ಕೆಂಡ ಶತ್ರುವಿಗೆ ಕಾಣುತ್ತದೆ. ಆದರೆ ಯಾವ ಹಳ್ಳಿಯ ಕಮ್ಮಾರನೂ ಅದನ್ನು ರಿಪೇರಿ ಮಾಡಬಲ್ಲ. ಚಕಮಕಿ ಕೋವಿಯ ವಿಷಯ ಹಾಗಲ್ಲ. ಅದರ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲೊಂದನ್ನು ಬಿಗಿದಿರುತ್ತಾರೆ. ಬಿಲ್ಲನ್ನು ಎಳೆದಾಗ ಬಲವಾದ ಸ್ಪ್ರಿಂಗೊಂದು ಆ ಕುದುರೆಯನ್ನು ಮುಂದಕ್ಕೆ ಬೀಸುತ್ತದೆ. ಕಲ್ಲು ಉಕ್ಕಿನ ಫಲಕವನ್ನು ಉಜ್ಜಿ ಕಿಡಿ ಸುರಿಸುತ್ತಿರುವಾಗಲೇ ಫಲಕ ಹಿಂದಕ್ಕೆ ಮಗುಚಿ ರಂಜಕದ ಬಟ್ಟಲನ್ನು ತೆರೆಯುತ್ತದೆ. ಬಟ್ಟಲಿನ ಬೆಂಕಿ ನಳಿಗೆಯ ಕಿವಿಯ ಮೂಲಕ ಒಳಗಿನ ಮದ್ದನ್ನು ತಲುಪಬೇಕು. ಇದೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು.

ಇಲ್ಲಿ ಹದವೇ ಎಲ್ಲ. ಕುದುರೆಯ ಸ್ಪ್ರಿಂಗು ಬಿರುಸಾದರೆ ಕಲ್ಲು ಒಡೆಯುತ್ತದೆ, ಮೆದುವಾದರೆ ಕಿಡಿ ಹುಟ್ಟುವುದಿಲ್ಲ. ಫಲಕದ ಸ್ಪ್ರಿಂಗು ಅದಕ್ಕೆ ತಕ್ಕಷ್ಟೇ ಎದುರು ಒತ್ತಬೇಕು. ಫಲಕದ ಮುಖ ಗಡುಸಾಗಿಯೂ ಹಿಂಬದಿ ಮೆದುವಾಗಿಯೂ ಇರಬೇಕು. ಕಿವಿಯ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಮದ್ದಿನ ಬಲ ಹೊರಗೆ ಸೋರುತ್ತದೆ. ಹಾರಿಸಿದ ಮೇಲೆ ಉಳಿಯುವ ಕಪ್ಪು ಕಸರು ಗಾಳಿಯ ತೇವವನ್ನು ಹೀರಿ ಒಂದೇ ರಾತ್ರಿಯಲ್ಲಿ ಕಬ್ಬಿಣವನ್ನು ತಿನ್ನಲಾರಂಭಿಸುತ್ತದೆ. ಹಾಗಾಗಿ ತೊಳೆಯುವುದು, ಎಣ್ಣೆ ಸವರುವುದು, ಮತ್ತೆ ಹೊಂದಿಸುವುದು ನಿತ್ಯದ ಕೆಲಸ. ಹಳೆಯ ಮದ್ದಿನ ಕೋವಿಗಳನ್ನು ಹವ್ಯಾಸಕ್ಕಾಗಿ ಸರಿಪಡಿಸುವವರು ಜಗತ್ತಿನ ಹಲವೆಡೆ ಇದ್ದಾರೆ. ಅವರು ಇಂದಿಗೂ ಗಂಟೆಗಟ್ಟಲೆ ಅರವನ್ನು ಹಿಡಿದು ಕೂರುವುದು ಇದೇ ಕೆಲವು ಬಿಂದುಗಳಲ್ಲಿ. ಶ್ರೀರಂಗಪಟ್ಟಣದ ಕುಶಲಿಗಳು ಅದನ್ನು ಉಷ್ಣಮಾಪಕವಿಲ್ಲದೆ, ಕಾದ ಉಕ್ಕಿನ ಬಣ್ಣವನ್ನು ಕಣ್ಣಲ್ಲೇ ಅಳೆದು ಸಾಧಿಸಿದ್ದರು.

ಕಚ್ಚಾ ಸಾಮಗ್ರಿಗೆ ನಾಡಿನಲ್ಲಿ ಕೊರತೆ ಇರಲಿಲ್ಲ. ಮಾಗಡಿಯ ಸುತ್ತಿನ ಕುಲುಮೆಗಳಲ್ಲಿ ಕಬ್ಬಿಣವೂ ಉಕ್ಕೂ ತಯಾರಾಗುತ್ತಿದ್ದುದನ್ನು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ದಾಖಲಿಸಿದ್ದಾನೆ. ಮದ್ದಿನ ಮುಕ್ಕಾಲು ಪಾಲಾದ ಪೆಟ್ಲುಪ್ಪನ್ನು ಮಣ್ಣಿನಿಂದಲೇ ಬಸಿದು ತೆಗೆಯಬಹುದಿತ್ತು, ಇದ್ದಿಲಿಗೆ ಕಾಡಿತ್ತು. ಹೊರಗಿನಿಂದ ಬರಬೇಕಾಗಿದ್ದುದು ಗಂಧಕ. ಇದರ ಮೇಲೆ ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ನಗರಗಳಲ್ಲಿ ಕಾರ್ಖಾನೆಗಳು ನಡೆದವು. ಇಂದಿನ ಸಿಟಿ ಮಾರ್ಕೆಟ್ ಬಳಿಯ ತಾರಾಮಂಡಲ ಪೇಟೆಯ ಹೆಸರನ್ನು ಈ ಕಾರ್ಖಾನೆಗಳೊಂದಿಗೆ ಜೋಡಿಸುವುದು ರೂಢಿಯಲ್ಲಿದೆ. ಅಲ್ಲಿ ವ್ಯಾಪಾರಕ್ಕೆ ಹೋಗುವವರಲ್ಲಿ ಎಷ್ಟು ಮಂದಿಗೆ ಈ ಹೆಸರಿನ ಹಿನ್ನೆಲೆ ಗೊತ್ತಿರುತ್ತದೋ!

ಸೇನೆಗೆ ಬೇಕಾದ ಬಂದೂಕುಗಳ ಜೊತೆಗೆ ದೊರೆಯ ಸ್ವಂತಕ್ಕೆಂದು ತಯಾರಾದ ಕೋವಿ, ಪಿಸ್ತೂಲುಗಳದು ಬೇರೆಯೇ ಲೋಕ. ಯೂರೋಪಿನ ಮಾದರಿಯನ್ನು ಎದುರಿಗಿಟ್ಟುಕೊಂಡರೂ ಅವು ನಕಲುಗಳಲ್ಲ. ಹುಲಿಯ ಪಟ್ಟೆಯಿಂದ ಪಡೆದ, ಬಬ್ರಿ ಎಂದು ಹೆಸರಾದ ವಿನ್ಯಾಸ ನಳಿಗೆಯ ಉದ್ದಕ್ಕೂ ಹರಿಯುತ್ತದೆ. ಉಕ್ಕಿನ ಮೈಯನ್ನು ಸೂಕ್ಷ್ಮವಾಗಿ ಗೀಚಿ, ಆ ಗೀರುಗಳಿಗೆ ಚಿನ್ನ ಬೆಳ್ಳಿಯ ಎಳೆಗಳನ್ನು ಬಡಿದು ಕೂರಿಸುವ ಕೋಫ್ತಗಾರಿ ಕೆಲಸ ಅದು. ಕಬ್ಬಿಣದ ಪಟ್ಟಿಗಳನ್ನು ಸುತ್ತಿ ಬೆಸೆದ ನಳಿಗೆಗಳಲ್ಲಿ ಮರದ ನಾರಿನಂಥ ಗೆರೆಗಳು ಕಾಣುತ್ತವೆ. ಕುದುರೆ ಹುಲಿಯ ಆಕಾರ ತಳೆಯುತ್ತದೆ. ಅರಬ್ಬಿ ಅಕ್ಷರಗಳನ್ನೇ ಹುಲಿಮುಖವಾಗಿ ಬಾಗಿಸಿದ ಮುದ್ರೆಯೂ ಇರುತ್ತದೆ. ಇಷ್ಟೇ ಆಗಿದ್ದರೆ ಇದನ್ನು ಅರಮನೆಯ ಶೋಕಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಯಂತ್ರದಲ್ಲೂ ಪ್ರಯೋಗಗಳಿವೆ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಾಪು ಬಲಕ್ಕೂ ಇನ್ನೊಂದರದು ಎಡಕ್ಕೂ ಇದ್ದು ಒಂದು ಇನ್ನೊಂದರ ಕನ್ನಡಿಬಿಂಬದಂತಿವೆ. ಎಡಗಡೆಯ ಚಾಪಿಗೆ ಪ್ರತಿಯೊಂದು ಬಿಡಿಭಾಗವನ್ನೂ ತಿರುಗಿಸಿ ಹೊಸದಾಗಿ ಮಾಡಬೇಕು ಎಂಬುದನ್ನು ನೆನೆದರೆ ಈ ಹುಚ್ಚಿನ ಬೆಲೆ ತಿಳಿಯುತ್ತದೆ. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ತುಂಬುಗಳನ್ನಿಟ್ಟು ಎರಡು ಬಾರಿ ಹಾರಿಸಬಲ್ಲ ಬೇಟೆಯ ಕೋವಿಯನ್ನೂ ಆತನ ಕುಶಲಿಗಳು ಮಾಡಿದರು. ಮುಂದಿನ ತುಂಬಿಗೆ ಹೊತ್ತಿದ ಬೆಂಕಿ ಹಿಂದಿನದಕ್ಕೆ ನುಸುಳಿದರೆ ಹಾರಿಸಿದವನ ಮುಖವೇ ಉಳಿಯದಂಥ ಸಾಹಸವದು.

ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನಂಥವನಿಗೆ ಇನ್ನೊಂದು ಅಂಶ ಮುಖ್ಯವೆನಿಸುತ್ತದೆ. ಈ ಕೋವಿಗಳಲ್ಲಿ ಅನೇಕವು ದಾಖಲೆಪತ್ರವನ್ನು ಮೈಮೇಲೇ ಹೊತ್ತಿವೆ: ತಯಾರಾದ ಊರು, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಮಾಡಿದವನ ಹೆಸರು. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅಸದ್ ಖಾನ್ ಮುಹಮ್ಮದ್, ಸಯ್ಯದ್ ಮಾಸೂಮ್ ಎಂಬ ಹೆಸರುಗಳು ನಮಗೆ ದಕ್ಕಿರುವುದು ಹೀಗೆ. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಕೈಕೆಲಸ ಮಾಡಿ ಬದುಕಿದ ಲಕ್ಷಾಂತರ ಮಂದಿಯಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ದೊರೆಗೆ ಪ್ರಿಯವಾದ ವಸ್ತುವನ್ನು ಮಾಡಿದವರು ತಮ್ಮ ಹೆಸರನ್ನು ದೊರೆಯ ಮುದ್ರೆಯ ಪಕ್ಕದಲ್ಲೇ ಕೊರೆಯಲು ಅವಕಾಶವಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಇನ್ನು ಅರ್ಥಶಾಸ್ತ್ರದ ಪ್ರಶ್ನೆ. 1787ರಲ್ಲಿ ಟಿಪ್ಪು ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಪುದುಚೇರಿಯಿಂದ ಹೊರಟು ಮರುವರ್ಷ ತುಲೋನ್ ತಲುಪಿ, 1788ರ ಆಗಸ್ಟ್ 10ರಂದು ವರ್ಸೈನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಸಿಗಲಿಲ್ಲ. ಅವರು ಕೇಳಿದ್ದ ಇನ್ನೊಂದು ಬಗೆಯ ನೆರವು ಭಾಗಶಃ ಸಿಕ್ಕಿತು. ಅದು ಕುಶಲಕರ್ಮಿಗಳದು: ಕೋವಿ ಮಾಡುವವರು, ಎರಕದವರು, ಗಡಿಯಾರ ಹಾಗೂ ಪಿಂಗಾಣಿ ಮಾಡುವವರು. ಅದೇ ಫ್ರಾನ್ಸಿನಲ್ಲಿ ಅದೇ ದಶಕದಲ್ಲಿ ಒನೊರೆ ಬ್ಲಾಂಕ್ ಎಂಬ ಕುಶಲಿ ಒಂದೇ ಅಳತೆಯ ಬಿಡಿಭಾಗಗಳಿಂದ ಕೋವಿಯ ಚಾಪುಗಳನ್ನು ಜೋಡಿಸುತ್ತಿದ್ದ. ರಾಶಿಯಿಂದ ಯಾವ ಕುದುರೆಯನ್ನು ತೆಗೆದರೂ ಯಾವ ಚಾಪಿಗಾದರೂ ಹೊಂದುತ್ತಿತ್ತು. 1785ರಲ್ಲಿ ಅದನ್ನು ನೋಡಿದ ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ತನ್ನ ದೇಶಕ್ಕೆ ಅದರ ವರದಿಯನ್ನು ಬರೆದು ಕಳುಹಿಸಿದ. ಮುಂದಿನ ಶತಮಾನದ ಅಮೆರಿಕದ ಕಾರ್ಖಾನೆಗಳು ಬೆಳೆದದ್ದು ಆ ವಿಚಾರದ ಮೇಲೆ. ಮೈಸೂರಿನ ಕೋರಿಕೆಯಲ್ಲಿ ಇದ್ದುದು ನುರಿತ ಕೈ, ಆ ಕೈಗೆ ಹಿಡಿತ ಹಾಕುವ ಅಳತೆಪಟ್ಟಿಯಲ್ಲ.

ಇದರಲ್ಲೊಂದು ವಿಚಿತ್ರವಿದೆ. ಟಿಪ್ಪು ಅಳತೆ, ತೂಕ, ಹರದಾರಿ, ಮಾಸಗಳ ಹೆಸರು, ಊರುಗಳ ಹೆಸರು ಎಲ್ಲವನ್ನೂ ಹೊಸ ಕ್ರಮಕ್ಕೆ ತರಲು ಹೊರಟ ದೊರೆ. ಆತನ ಪತ್ರಗಳಲ್ಲಿ ಹುಚ್ಚುನಾಯಿ ಕಡಿದವರಿಗೆ ಮಾಡಬೇಕಾದ ಚಿಕಿತ್ಸೆಯವರೆಗೂ ಆದೇಶಗಳಿವೆ. ಅಂಥವನು ಕೋವಿಯ ತಿರುಪಿಗೆ ಮಾತ್ರ ಒಂದೇ ಅಳತೆಯನ್ನು ವಿಧಿಸುವ ಯೋಚನೆ ಮಾಡಿದಂತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆಗ ಇಂಗ್ಲಿಷರ ಬಂದೂಕುಗಳ ಭಾಗಗಳೂ ಅರದಲ್ಲಿ ಉಜ್ಜಿ ಹೊಂದಿಸಿದವೇ. ಆದರೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗೆಂದು ಮಾಡಿಸಿದ ಬಂದೂಕು ಮೊಟಕು ನಳಿಗೆಯ, ಅಲಂಕಾರವಿಲ್ಲದ, ಅಗ್ಗದ ಮಾಲು. ಅನೇಕ ಖಾಸಗಿ ಕುಶಲಿಗಳು ಗುತ್ತಿಗೆಯ ಮೇಲೆ ಅದನ್ನು ಪೂರೈಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಫ್ರಾನ್ಸಿನೊಂದಿಗೆ ಯುದ್ಧ ಬಂದಾಗ ಬ್ರಿಟನ್ನಿನ ಸೇನೆಯೂ ಅದನ್ನೇ ಅಂಗೀಕರಿಸಿತು. ಕೈಗೆತ್ತಿಕೊಂಡು ನೋಡಿದರೆ ಟಿಪ್ಪುವಿನ ಸ್ವಂತದ ಕೋವಿಯ ಮುಂದೆ ಅದು ಒರಟು ಕೊರಡು. ಅದರ ಬೆನ್ನಿಗೆ ಮಾತ್ರ ಒಂದು ಮಾರುಕಟ್ಟೆ ಇತ್ತು. ಶ್ರೀರಂಗಪಟ್ಟಣದ ಕುಶಲಿಗೆ ಇದ್ದವನು ಒಬ್ಬನೇ ಗಿರಾಕಿ.

ಆ ಗಿರಾಕಿಯ ಸ್ಥಿತಿ 1792ರ ವೇಳೆಗೆ ಬಿಗಡಾಯಿಸಿತು. ಕಾರ್ನ್‌ವಾಲಿಸ್‌ನೊಂದಿಗೆ ಆದ ಒಪ್ಪಂದದಂತೆ ಅರ್ಧ ರಾಜ್ಯ ಕೈಬಿಟ್ಟಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು. ಅವರು ಮರಳಿದ್ದು 1794ರಲ್ಲಿ. ಆತನ ಅತ್ಯುತ್ತಮ ಕೋವಿಗಳಲ್ಲೊಂದಾದ, ಅಸದ್ ಖಾನ್ ಮುಹಮ್ಮದ್ ಮಾಡಿದ ಬೇಟೆಯ ಕೋವಿಯ ಮೇಲಿರುವ ವರ್ಷ 1793-94ಕ್ಕೆ ಸಮನಾಗುತ್ತದೆ. ದಂಡದ ಹಣಕ್ಕಾಗಿ ರೈತರಿಂದ ವಸೂಲಿ ನಡೆಯುತ್ತಿದ್ದ ಕಾಲದಲ್ಲಿ ಚಿನ್ನ ಬೆಳ್ಳಿಯ ಎಳೆಗಳನ್ನು ಉಕ್ಕಿಗೆ ಕೂರಿಸುವ ಕೆಲಸ ನಿಂತಿರಲಿಲ್ಲ. ಖಜಾನೆಯ ದೃಷ್ಟಿಯಿಂದ ಇದನ್ನು ಸಮರ್ಥಿಸುವುದು ನನ್ನಿಂದಾಗದು. ಕುಶಲಿಗಳ ಕೈ ತುಕ್ಕು ಹಿಡಿಯದಂತೆ ಉಳಿಸಿಕೊಂಡ ಖರ್ಚೆಂದು ಒಬ್ಬರು ವಾದಿಸಬಹುದು. ಸೋತವನು ತನ್ನ ದೊರೆತನವನ್ನು ತನಗೇ ಖಾತರಿಪಡಿಸಿಕೊಳ್ಳುತ್ತಿದ್ದ ರೀತಿ ಇದು ಎಂಬುದು ನನ್ನ ಅನಿಸಿಕೆ.

ಕೋವಿಯ ಚೆಲುವನ್ನು ಹೊಗಳುವಾಗ ಅದರ ಇನ್ನೊಂದು ತುದಿಯಲ್ಲಿ ನಿಂತವರನ್ನು ಮರೆಯಲಾಗದು. ಕೊಡಗಿನ ಮೇಲೆ ನಡೆದ ದಂಡಯಾತ್ರೆಗಳು, ಅಲ್ಲಿಂದಲೂ ಕರಾವಳಿಯ ಕ್ರೈಸ್ತರ ಊರುಗಳಿಂದಲೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದ ಸಾವಿರಾರು ಕುಟುಂಬಗಳು ಇಂದಿಗೂ ಆ ಜನರ ನೆನಪಿನಲ್ಲಿವೆ. ಅದೇ ಕೊಡಗಿನಲ್ಲಿ ಈಗಲೂ ವರ್ಷಕ್ಕೊಮ್ಮೆ ಕೈಲ್ ಮುಹೂರ್ತದ ದಿನ ಮನೆಮನೆಯ ಕೋವಿಗಳನ್ನು ಒರೆಸಿ, ತೋಕ್ ಪೂವಿಟ್ಟು ಪೂಜಿಸುತ್ತಾರೆ. ಕರ್ನಾಟಕದಲ್ಲಿ ಕೋವಿಯನ್ನು ಅಕ್ಕರೆಯಿಂದ ಜೋಪಾನ ಮಾಡುವ ಪರಂಪರೆ ಉಳಿದಿರುವುದು ಟಿಪ್ಪುವಿನ ರಾಜಧಾನಿಯಲ್ಲಲ್ಲ, ಆತನನ್ನು ಎದುರಿಸಿದ ನಾಡಿನಲ್ಲಿ.

1799ರ ಮೇ 4ರ ಮಧ್ಯಾಹ್ನ ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ಇಂಗ್ಲಿಷ್ ಪಡೆ ಕಾವೇರಿಯನ್ನು ದಾಟಿ ಕೋಟೆಯ ಬಿರುಕಿಗೆ ನುಗ್ಗಿತು. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ವರ್ಷಗಟ್ಟಲೆ ಬೇಡಿಯಲ್ಲಿದ್ದವನು ಈ ಬೇರ್ಡ್. ಊಟಕ್ಕೆ ಕುಳಿತಿದ್ದ ಟಿಪ್ಪು ಎದ್ದು ಉತ್ತರದ ಕೋಟೆಗೋಡೆಗೆ ಧಾವಿಸಿದ. ಅಲ್ಲಿ ಆತ ಸೇನಾಪತಿಯಾಗಿ ನಡೆದುಕೊಂಡದ್ದಕ್ಕಿಂತ ಗುರಿಕಾರನಾಗಿ ನಡೆದುಕೊಂಡದ್ದೇ ಹೆಚ್ಚು. ಸೇವಕರು ಒಂದಾದ ಮೇಲೊಂದರಂತೆ ಮದ್ದು ತುಂಬಿ ಕೊಟ್ಟ ಕೋವಿಗಳಿಂದ ತಾನೇ ಗುರಿಯಿಟ್ಟು ಹಾರಿಸುತ್ತಿದ್ದುದನ್ನು, ಅದಕ್ಕೆ ಕೆಲವು ಸೈನಿಕರು ಬಲಿಯಾದುದನ್ನು ಸಮಕಾಲೀನ ವೃತ್ತಾಂತಗಳು ಹೇಳುತ್ತವೆ. ಸಂಜೆಯ ಹೊತ್ತಿಗೆ ಆತನ ಶವ ಕೋಟೆಯ ಒಳಬಾಗಿಲೊಂದರ ಹೆಣಗಳ ರಾಶಿಯಲ್ಲಿ ಸಿಕ್ಕಿತು.

ವಿಜೇತರು ತಯಾರಿಸಿದ ಪಟ್ಟಿಯಲ್ಲಿ ಒಂಬೈನೂರಕ್ಕೂ ಹೆಚ್ಚು ಫಿರಂಗಿಗಳು, ಸುಮಾರು 99,000 ಬಂದೂಕು ಮತ್ತಿತರ ಕೋವಿಗಳು, ಎರಡು ಫಿರಂಗಿ ಎರಕದ ಮನೆಗಳು, ನಳಿಗೆ ಕೊರೆಯುವ ಯಂತ್ರಗಳಿದ್ದ ಮೂರು ಕಟ್ಟಡಗಳು ಸೇರಿವೆ. ಲೂಟಿಯ ಒಟ್ಟು ಮೌಲ್ಯ ಹತ್ತು ಲಕ್ಷ ಪೌಂಡನ್ನು ಮೀರಿತು. ಅದನ್ನು ಹುದ್ದೆಗೆ ಅನುಗುಣವಾಗಿ ಹಂಚಿಕೊಂಡರು. ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಸ್ವಂತದ ಕೋವಿಗಳು ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಹಡಗು ಹತ್ತಿದವು. ಕಂಪನಿ ಶ್ರೀರಂಗಪಟ್ಟಣದಲ್ಲಿ ಕೆಲಕಾಲ ಫಿರಂಗಿ ಗಾಡಿಗಳ ಕಾರ್ಖಾನೆ ನಡೆಸಿತಾದರೂ ಅದಕ್ಕೆ ಬೇಕಿದ್ದುದು ಬಡಗಿಗಳು, ಮಾಸೂಮನಂಥವರಲ್ಲ. ಒಂದು ವರ್ಷದ ನಂತರ ಅಲ್ಲಿಗೆ ಬಂದ ಬುಕನನ್, ಒಂದೂವರೆ ಲಕ್ಷ ಜನರಿದ್ದ ದ್ವೀಪದಲ್ಲಿ ಉಳಿದವರು ಮೂವತ್ತೆರಡು ಸಾವಿರದಷ್ಟು ಎಂದು ಅಂದಾಜು ಮಾಡಿದ. ಅವರಲ್ಲಿ ಕೋವಿ ಕುಶಲಿಗಳು ಎಷ್ಟು ಮಂದಿ, ಬಿಟ್ಟುಹೋದವರು ಯಾವ ಊರಿನಲ್ಲಿ ಕುಡುಗೋಲು ತಟ್ಟಿ ಬದುಕಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ.

ಆ ಕೋವಿಗಳ ಬೆಲೆ ಈಗ ಬೇರೆ. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ ಬದುಕಿಡೀ ಟಿಪ್ಪುವಿನ ಆಯುಧಗಳನ್ನು ಹುಡುಕಿ ಕೂಡಿಹಾಕಿ, 1992ರಲ್ಲಿ ಅವುಗಳ ಕುರಿತೇ ಗ್ರಂಥವನ್ನು ಪ್ರಕಟಿಸಿದ. ಆತನ ಸಂಗ್ರಹದ 30 ವಸ್ತುಗಳು 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 60 ಲಕ್ಷ ಪೌಂಡಿಗೂ ಹೆಚ್ಚು ತಂದವು. ಮೇಲೆ ಹೇಳಿದ 1793-94ರ ಕೋವಿ ಕಾರ್ನ್‌ವಾಲಿಸ್‌ಗೇ ಸಂದಿತ್ತೆಂದು ಹೇಳಲಾಗಿದೆ. ಸುಮಾರು 20 ಲಕ್ಷ ಪೌಂಡ್ ಬೆಲೆಯ ಅದು ದೇಶ ಬಿಟ್ಟು ಹೋಗದಂತೆ 2023ರಲ್ಲಿ ಬ್ರಿಟಿಷ್ ಸರ್ಕಾರವೇ ತಾತ್ಕಾಲಿಕ ತಡೆ ಹಾಕಿತು. ಅದನ್ನು ತನ್ನ ಪರಂಪರೆಯ ಭಾಗವೆಂದು ಆ ದೇಶ ಭಾವಿಸುತ್ತದೆ!

ಇಂಥ ಹರಾಜು ನಡೆದಾಗಲೆಲ್ಲ ಸರ್ಕಾರ ಕೊಂಡು ತರಬೇಕೆಂಬ ಕೂಗು ನಮ್ಮಲ್ಲಿ ಏಳುತ್ತದೆ. ಒಂದು ಸರ್ಕಾರ ಹರಾಜಿಗೆ ಇಳಿದಿದೆ ಎಂದು ತಿಳಿದ ಕ್ಷಣವೇ ಬೆಲೆ ಏರುತ್ತದೆ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಅದರ ನೂರರಲ್ಲೊಂದು ಪಾಲು ಖರ್ಚಿನಲ್ಲಿ ಮಾಡಬಹುದಾದ ಕೆಲಸವೊಂದಿದೆ. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲೂ ಖಾಸಗಿಯವರಲ್ಲೂ ಚದುರಿರುವ ಈ ಕೋವಿಗಳ ಮೇಲಿನ ಊರು, ವರ್ಷ, ಕುಶಲಿಗಳ ಹೆಸರುಗಳನ್ನು ಚಿತ್ರಸಮೇತ ಸಂಗ್ರಹಿಸಿ ಕನ್ನಡದಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸುವುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಲೋಹಶಾಸ್ತ್ರದವರೂ ಇತಿಹಾಸದವರೂ ಇದ್ದಾರೆ. ಅವರು ಒಂದೇ ಮೇಜಿನ ಮುಂದೆ ಕೂರಲು ಯಾರಾದರೂ ಆದೇಶ ಹೊರಡಿಸಬೇಕಷ್ಟೆ.

ನಾವು ಇರುವುದನ್ನು ಉಳಿಸಿಕೊಳ್ಳಲಾರದವರೇನೂ ಅಲ್ಲ. ಬೆಂಗಳೂರು-ಮೈಸೂರು ರೈಲು ಜೋಡಿಮಾರ್ಗಕ್ಕೆ ಶ್ರೀರಂಗಪಟ್ಟಣದ ಹಳೆಯ ಶಸ್ತ್ರಾಗಾರವೊಂದು ಅಡ್ಡಬಂದಾಗ, 2017ರಲ್ಲಿ ಅದನ್ನು ಕೆಡವದೆ ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಲಾಯಿತು. ಮರುವರ್ಷ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದನ್ನು ಅಗೆದ ಪುರಾತತ್ವ ಇಲಾಖೆಗೆ ಸುಮಾರು ಸಾವಿರ ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಚಿನ್ನದ ಗೆರೆಯಿಲ್ಲ, ಹುಲಿಯ ಮುಖವಿಲ್ಲ, ಮಾಡಿದವನ ಹೆಸರೂ ಇಲ್ಲ. ಕೆಸರು ಮೆತ್ತಿ ತುಕ್ಕು ಹಿಡಿದಿದ್ದ ಅವು ಶಿವಮೊಗ್ಗದ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳೊಳಗೆ ಮದ್ದಿನ ಅಂಶ ಇನ್ನೂ ಉಳಿದಿತ್ತು.